ಒಂದು ವಾಕ್ಯಕ್ಕೆ ಮಾತ್ರ ಸಹಿ: ಎದುರಾಳಿಯ ಜೊತೆ ಒಪ್ಪಬೇಕಾಗಿ ಬಂದಾಗ

ಧಾರವಾಡದ ಕೋರ್ಟಿನಲ್ಲಿ ನಾನು ವಕೀಲಿಕೆ ಶುರು ಮಾಡಿ 25 ವರ್ಷವಾಯಿತು. ಮಹಿಳಾ ಸಂಘಟನೆಯ ನಂಟು ಅದಕ್ಕಿಂತ ಹಳೆಯದು. ಇಷ್ಟು ವರ್ಷದಲ್ಲಿ ನಾನು ಹೆಂಡತಿಯ ಕಡೆ ನಿಂತಾಗಲೆಲ್ಲ ಗಂಡನ ಕಡೆಯವರ ಬೆನ್ನಿಗೆ ನಿಂತವರೊಬ್ಬರಿದ್ದಾರೆ. ಪುರುಷರ ಹಕ್ಕುಗಳ ಸಂಘಟನೆಯವರು, ವೃತ್ತಿಯಿಂದ ಲೆಕ್ಕಪರಿಶೋಧಕರು. ಗಂಡ, ಅತ್ತೆಮನೆಯವರ ಕಿರುಕುಳಕ್ಕೆ ಶಿಕ್ಷೆ ಕೊಡುವ 498ಎ ಸೆಕ್ಷನ್ ಎಂಬುದು ಗಂಡಸರನ್ನು ಹಣಿಯುವ ಕಾನೂನು ಎಂದು ಊರೆಲ್ಲ ಹೇಳಿಕೊಂಡು ಬಂದವರು. 2024ರ ಆಗಸ್ಟ್‌ನ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಅವರು ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕೊಡೆಯನ್ನು ಮೂಲೆಗಿಟ್ಟು ಕುರ್ಚಿಯ ತುದಿಯಲ್ಲಿ ಕೂತರು. ‘ಮೇಡಂ, ಒಂದ್ ಮಾತ್ ಕೇಳೂದಿತ್ರಿ’ ಅಂದರು.

ಅವರ ಅಕ್ಕನ ಮಗ, 19 ವರ್ಷದ ಹುಡುಗ. ಅವನಿದ್ದ ಪಿ.ಜಿ. ರೂಮಿನಲ್ಲಿ ಇಬ್ಬರು ಗಂಡಸರು ಅವನ ಮೇಲೆ ಅತ್ಯಾಚಾರ ಮಾಡಿದ್ದರು. ಠಾಣೆಗೆ ಹೋದರೆ ಯಾವ ಸೆಕ್ಷನ್ ಹಚ್ಚಬೇಕೆಂದೇ ಅಲ್ಲಿ ತಿಳಿಯಲಿಲ್ಲ. ಅದಕ್ಕೆ ಹದಿನೈದು ದಿನ ಮೊದಲು ನಮ್ಮ ಸಂಘಟನೆಯ ಗೆಳತಿಯೊಬ್ಬಳು, ಸವದತ್ತಿ ಕಡೆಯ ಜೋಗತಿ (ಎಲ್ಲಮ್ಮನ ಸೇವೆಗೆ ನಿಂತ ಟ್ರಾನ್ಸ್ ಮಹಿಳೆ), ತನ್ನ ಜೊತೆಯವಳ ಮೇಲಾದ ದಾಳಿಯ ದೂರನ್ನು ಹಿಡಿದು ಇದೇ ಕುರ್ಚಿಯಲ್ಲಿ ಕೂತು ಇದೇ ಪ್ರಶ್ನೆ ಕೇಳಿದ್ದಳು.

ಕಾನೂನಿನಲ್ಲಿ ಆಗಿದ್ದು ಇಷ್ಟು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ‘ಪ್ರಕೃತಿಗೆ ವಿರುದ್ಧ’ವಾದ ಲೈಂಗಿಕ ಕೃತ್ಯಗಳನ್ನು ಶಿಕ್ಷಿಸುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಸೆಕ್ಷನ್ನನ್ನು ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸಬಾರದೆಂದು ಹೇಳಿತು. ಸಮ್ಮತಿಯಿಲ್ಲದ ಕೃತ್ಯಕ್ಕೆ ಆ ಸೆಕ್ಷನ್ ಹಾಗೇ ಉಳಿಯಿತು. ಗಂಡಸಿನ ಮೇಲೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ಅತ್ಯಾಚಾರವಾದರೆ ನಾವು ಹಿಡಿದುಕೊಳ್ಳುತ್ತಿದ್ದ ಕೊಂಬೆ ಅದೊಂದೇ. 2024ರ ಜುಲೈ 1ರಂದು ಆ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಯಾದಾಗ ಆ ಕೊಂಬೆಯೂ ಹೋಯಿತು. ಹೊಸ ಸಂಹಿತೆಯಲ್ಲಿ 377ಕ್ಕೆ ಸಮನಾದ ಸೆಕ್ಷನ್ನೇ ಇಲ್ಲ. ಅತ್ಯಾಚಾರದ ವ್ಯಾಖ್ಯೆಯಲ್ಲಿ ಮಾಡುವವನು ಗಂಡಸು, ಅನುಭವಿಸುವವಳು ಹೆಂಗಸು. 18 ತುಂಬದವರಿಗೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ ಪೋಕ್ಸೊ ಇದೆ, ಅದು ಗಂಡು ಹೆಣ್ಣು ನೋಡುವುದಿಲ್ಲ. 19ರ ಹುಡುಗನಿಗೆ ಅದೂ ಇಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗಾಗಿ ತಂದ 2019ರ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಇಟ್ಟ ಶಿಕ್ಷೆ 6 ತಿಂಗಳಿಂದ 2 ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠವೇ 10 ವರ್ಷ.

ಹೀಗೆ ಸ್ತ್ರೀವಾದಿಯಾದ ನಾನು, ಸ್ತ್ರೀವಾದವನ್ನು ಮನೆಮುರುಕು ಅನ್ನುವ ಆ ಮನುಷ್ಯ, ಜೋಗತಿ ಗೆಳತಿ, ಮೂವರೂ ಒಂದೇ ಕಡೆಗೆ ಬಂದು ನಿಂತೆವು. ಅದನ್ನು ನಿಭಾಯಿಸುವಾಗ ಎರಡು ಕಡೆ ಎಡವಿದೆ. ನಿಮಗೂ ಇಂಥ ಹೊತ್ತು ಬರುತ್ತದೆ. ಆಗ ಹೇಗೆ ನಡೆದುಕೊಳ್ಳಬೇಕೆಂದು ನಾನು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ವಾಕ್ಯ, ಆಮೇಲೆ ಚಹಾ

ಎದುರಾಳಿಯ ಜೊತೆ ಒಪ್ಪಿಗೆಯಾಗುತ್ತಿದೆ ಅನ್ನಿಸಿದ ತಕ್ಷಣ ಹಾಳೆ ತೆಗೆದುಕೊಳ್ಳಿ. ಯಾವುದನ್ನು ಒಪ್ಪುತ್ತೀರೋ ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ನಾವು ಈ ವಿಷಯದಲ್ಲಿ ಒಂದಾಗಿದ್ದೇವೆ’ ಎಂದು ಬರೆಯಬೇಡಿ. ವಿಷಯ ಅನ್ನುವುದು ದೊಡ್ಡ ಚೀಲ, ಅದರೊಳಗೆ ಯಾರು ಏನನ್ನಾದರೂ ತುರುಕಬಹುದು. ವಾಕ್ಯಕ್ಕೆ ಕರ್ತೃ, ಕರ್ಮ, ಕ್ರಿಯಾಪದ ಇರುತ್ತವೆ, ಅಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಕಡಿಮೆ.

ಲೆಕ್ಕಪರಿಶೋಧಕರು ಬರೆದು ತಂದದ್ದು ಹೀಗಿತ್ತು: ‘ಅತ್ಯಾಚಾರದ ಕಾನೂನು ಲಿಂಗ ತಟಸ್ಥವಾಗಬೇಕು.’ ನಾಲ್ಕೇ ಪದ, ಕೇಳಲು ಹಿತ. ನಾನು ಒಪ್ಪಲಿಲ್ಲ. ಯಾಕೆಂದು ಅವರಿಗೆ ಅರ್ಥ ಮಾಡಿಸಲು ಎರಡು ಸಂಜೆ ಹಿಡಿಯಿತು.

ದೆಹಲಿಯ ಬಸ್ಸಿನ ಸಾಮೂಹಿಕ ಅತ್ಯಾಚಾರದ ನಂತರ, ಕಾನೂನು ಹೇಗೆ ತಿದ್ದಬೇಕೆಂದು ಹೇಳಲು ಸರ್ಕಾರ ನೇಮಿಸಿದ ವರ್ಮಾ ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿದ್ದು 2013ರ ಜನವರಿ 23ಕ್ಕೆ. ಫೆಬ್ರುವರಿಯಲ್ಲಿ ಸರ್ಕಾರ ತಂದ ಸುಗ್ರೀವಾಜ್ಞೆ ಆರೋಪಿಯ ಜಾಗದಲ್ಲಿ ‘ಗಂಡಸು’ ತೆಗೆದು ‘ವ್ಯಕ್ತಿ’ ಎಂದು ಹಾಕಿತು. ನಾವು, ದೇಶದ ಮಹಿಳಾ ಸಂಘಟನೆಗಳು, ಅದನ್ನು ವಿರೋಧಿಸಿದೆವು. ಅತ್ಯಾಚಾರದ ದೂರು ಕೊಟ್ಟ ಹೆಣ್ಣಿನ ಮೇಲೆಯೇ ಮರುದಿನ ಅತ್ಯಾಚಾರದ ಪ್ರತಿದೂರು ದಾಖಲಾದರೆ ಅವಳ ಗತಿಯೇನು? ನಮ್ಮ ಹಳ್ಳಿಗಳಲ್ಲಿ ದೂರು ವಾಪಸ್ ತೆಗೆಸಲು ಏನೇನು ಮಾಡುತ್ತಾರೆಂದು ಕಣ್ಣಾರೆ ಕಂಡಿದ್ದೇನೆ, ಇನ್ನೊಂದು ಆಯುಧವನ್ನು ನಾವೇ ಕೈಗಿಡಲು ಸಾಧ್ಯವಿರಲಿಲ್ಲ. ಏಪ್ರಿಲ್‌ನಲ್ಲಿ ಬಂದ ಕಾಯ್ದೆಯಲ್ಲಿ ಆರೋಪಿಯ ಜಾಗಕ್ಕೆ ಮತ್ತೆ ‘ಗಂಡಸು’ ಬಂದ. ಆದರೆ ಸಂತ್ರಸ್ತರ ಜಾಗದಲ್ಲಿ ‘ಹೆಂಗಸು’ ಮಾತ್ರ ಉಳಿದಳು. ಸಂತ್ರಸ್ತರು ಯಾರೂ ಆಗಿರಬಹುದು, ಟ್ರಾನ್ಸ್‌ಜೆಂಡರ್ ಸಮುದಾಯವನ್ನು ಬಿಡಬಾರದು ಎಂದು ವರ್ಮಾ ಸಮಿತಿ ಹೇಳಿದ್ದ ಮಾತು ಅಲ್ಲಿಗೇ ಬಿದ್ದುಹೋಯಿತು.

ಹಾಗಾಗಿ ಲಿಂಗ ತಟಸ್ಥ ಅನ್ನುವ ಒಂದೇ ಪದದೊಳಗೆ ಎರಡು ಬೇಡಿಕೆಗಳಿವೆ: ಸಂತ್ರಸ್ತರ ಕಡೆಯ ತಟಸ್ಥತೆ, ಆರೋಪಿಯ ಕಡೆಯ ತಟಸ್ಥತೆ. ಮೊದಲನೆಯದು ನನಗೆ ಬೇಕು, ಎರಡನೆಯದಕ್ಕೆ ನಾನು ವಿರೋಧ. ಅವರಿಗೆ ಎರಡೂ ಬೇಕು. ನಡುವೆ ಉಳಿದ ಜಾಗ ಚಿಕ್ಕದು. ಅಲ್ಲಿ ನಿಲ್ಲುವ ವಾಕ್ಯವನ್ನು ಕೊನೆಗೆ ಗೆಳತಿ ಹೇಳಿದಳು, ನಾನು ಬರೆದುಕೊಂಡೆ: ‘ಸಂತ್ರಸ್ತರು ಹೆಣ್ಣಾಗಿರಲಿ, ಗಂಡಾಗಿರಲಿ, ಟ್ರಾನ್ಸ್‌ಜೆಂಡರ್ ಆಗಿರಲಿ, ಅವರ ಮೇಲೆ ಅತ್ಯಾಚಾರ ಮಾಡಿದವನಿಗೆ ಒಂದೇ ಶಿಕ್ಷೆ ಇರಬೇಕು.’ ‘ಮಾಡಿದವನಿಗೆ’ ಅನ್ನುವ ಪದದ ಮೇಲೆ ಲೆಕ್ಕಪರಿಶೋಧಕರು ಪೆನ್ನು ಇಟ್ಟು ಬಹಳ ಹೊತ್ತು ಕೂತರು. ‘ಮಾಡಿದವರಿಗೆ ಅಂತ ಹಾಕೂಣಲ್ರಿ’ ಅಂದರು. ‘ಅದು ನಿಮ್ಮ ಬೇರೆ ಮನವಿ, ಅದನ್ನ ನೀವು ಬೇರೆ ಹಾಳಿ ಮ್ಯಾಲ ಕೊಡ್ರಿ, ನಾನು ಅದರ ವಿರುದ್ಧ ಮಾತಾಡತೀನಿ’ ಅಂದೆ. ಒಂದಕ್ಷರದ ಮೇಲೆ ಅರ್ಧ ಗಂಟೆ ಹೋಯಿತು. ಅಳಿಯನ ಮುಖ ನೆನಪಾಯಿತೋ ಏನೋ, ಸಹಿ ಮಾಡಿದರು. ಚಹಾ ತರಿಸಿದ್ದು ಅದಾದ ಮೇಲೆ.

ಈ ಅರ್ಧ ಗಂಟೆಯನ್ನು ಉಳಿಸಲು ಹೋಗಬೇಡಿ. ಮುಂದೆ ಬರುವ ಜಗಳಗಳೆಲ್ಲ ಆ ಒಂದಕ್ಷರದಿಂದಲೇ ಬರುತ್ತವೆ.

ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿ: ಯಾವುದನ್ನು ಒಪ್ಪುವುದಿಲ್ಲ. ನಮ್ಮ ಹಾಳೆಯಲ್ಲಿ ‘498ಎ, ಜೀವನಾಂಶ, ಆರೋಪಿಯ ಲಿಂಗ, ಈ ಮೂರರಲ್ಲಿ ನಮ್ಮ ನಡುವೆ ಒಪ್ಪಿಗೆ ಇಲ್ಲ’ ಎಂದಿತ್ತು. ಹೊಸ ಸಂಹಿತೆಯಲ್ಲಿ 498ಎ ಬೇರೆ ಸಂಖ್ಯೆಗೆ ಹೋಗಿದೆ, ಆದರೂ ಕೋರ್ಟಿನ ಓಣಿಯಲ್ಲಿ ಎಲ್ಲರ ಬಾಯಲ್ಲಿ ಇನ್ನೂ ಅದೇ ಹೆಸರು. ಜನ ಆಡುವ ಪದವನ್ನೇ ಬರೆಯಿರಿ.

ಒಂದೇ ವರದಿಯ ಎರಡು ಪುಟಗಳು

‘ಆ ಪಕ್ಷದವರು ಹೇಳಿದ ಮೇಲೆ ಅದರಲ್ಲಿ ಏನೋ ಹುನ್ನಾರ ಇರಬೇಕು’ ಎಂದು ನಮ್ಮವರು ಅನ್ನುತ್ತಾರೆ. ಹುನ್ನಾರ ಇದ್ದರೂ ಇರಬಹುದು. ಆದರೆ ಮೊದಲು ಓದಿ.

ನ್ಯಾಯ ಸಂಹಿತೆಯ ಮಸೂದೆ ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಯ ಮುಂದೆ ಬಂದಿತ್ತು. ಅಧ್ಯಕ್ಷರು ಬಿಜೆಪಿಯ ಸಂಸದ ಬ್ರಿಜ್ ಲಾಲ್. 2023ರ ನವೆಂಬರ್‌ನಲ್ಲಿ ಬಂದ ಆ ಸಮಿತಿಯ ವರದಿ, ಸಮ್ಮತಿಯಿಲ್ಲದ ಕೃತ್ಯಗಳಿಗಾಗಿ 377ನ್ನು ಮತ್ತೆ ಸೇರಿಸಬೇಕೆಂದು ಶಿಫಾರಸು ಮಾಡಿತು. ನಾವು ಬೀದಿಯಲ್ಲಿ ಕೇಳುತ್ತಿದ್ದದ್ದೇ ಅದು. ಅದೇ ವರದಿ ಹಾದರವನ್ನು ಮತ್ತೆ ಅಪರಾಧವಾಗಿಸಬೇಕು, ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸಬೇಕು ಎಂದೂ ಹೇಳಿತು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಕಿತ್ತುಹಾಕಿದ್ದ ಕಾನೂನದು. ಮನೆಯೊಳಗಿನ ಸಂಗತಿಗೆ ಪೊಲೀಸರನ್ನು ಕರೆಯುವ ಆ ಶಿಫಾರಸನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ಸರ್ಕಾರ ಎರಡನ್ನೂ ತೆಗೆದುಕೊಳ್ಳಲಿಲ್ಲ.

ನಮ್ಮ ಮನವಿಯಲ್ಲಿ ಮೊದಲ ಶಿಫಾರಸನ್ನು ಸಮಿತಿಯ ಹೆಸರು ಹಾಕಿಯೇ ಉಲ್ಲೇಖಿಸಿದೆವು. ಎದುರು ಪಕ್ಷದವರು ಮಾಡಿದ ಒಳ್ಳೆಯ ಕೆಲಸವನ್ನು ಅವರ ಹೆಸರಲ್ಲೇ ಹೇಳಬೇಕು. 2021ರ ಜುಲೈನಲ್ಲಿ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ 1ರ ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕ, ಆಗ ಇದ್ದದ್ದು ಯಡಿಯೂರಪ್ಪನವರ ಸರ್ಕಾರ. ಹೈಕೋರ್ಟಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿಯುವ ಸಂಗಮ ಸಂಸ್ಥೆ ಹೂಡಿದ ಅರ್ಜಿ ಅದರ ಹಿಂದಿತ್ತು, ಆದರೂ ಕೊಟ್ಟದ್ದು ಕೊಟ್ಟದ್ದೇ. 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಸೇರಿಸಿ, ಈ ಜನರ ಹೆಸರು ವಿಳಾಸಗಳ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟದ್ದೂ ಅದೇ ಪಕ್ಷದ ಸರ್ಕಾರ. ಎರಡನ್ನೂ ನೆನಪಿಟ್ಟುಕೊಂಡರೆ ಹೊಗಳುವಾಗ ಬಾಗಬೇಕಾಗುವುದಿಲ್ಲ, ಬೈಯುವಾಗ ಸುಳ್ಳಾಡಬೇಕಾಗುವುದಿಲ್ಲ.

ಕಾರಣ ಬೇರೆಯಾಗಲಿ, ಔಷಧ ಯಾವುದು ಕೇಳಿ

ಇದನ್ನು ನಾನು ಕಲಿತದ್ದು 1996ರ ನವೆಂಬರ್‌ನಲ್ಲಿ, ಬೆಂಗಳೂರಿನಲ್ಲಿ. ಕಾನೂನು ಓದುತ್ತಿದ್ದೆ, ವಯಸ್ಸು 22. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನವೆಂಬರ್ 23ಕ್ಕೆ ವಿಶ್ವಸುಂದರಿ ಸ್ಪರ್ಧೆ. ನಡೆಸುತ್ತಿದ್ದದ್ದು ಅಮಿತಾಭ್ ಬಚ್ಚನ್ ಅವರ ಕಂಪನಿ, ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದರ ಬೆನ್ನಿಗಿದ್ದರು. ನಾವು ಹೆಣ್ಣು ಸರಕಲ್ಲ ಎಂಬ ಫಲಕ ಹಿಡಿದು ಹೊರಟೆವು. ಅದೇ ದಿನಗಳಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ಬಹುರಾಷ್ಟ್ರೀಯ ಕಂಪನಿಗಳ ವಿರುದ್ಧವೆಂದು ಬೀದಿಗಿಳಿದಿತ್ತು, ಬಿಜೆಪಿಯ ಮಹಿಳೆಯರು ಭಾರತೀಯ ಸಂಸ್ಕೃತಿಗೆ ಅವಮಾನವೆಂದು ಇಳಿದಿದ್ದರು. ಒಂದು ತಿರುವಿನಲ್ಲಿ ನಮ್ಮ ಮೆರವಣಿಗೆಯೂ ಸಂಸ್ಕೃತಿಯವರ ಮೆರವಣಿಗೆಯೂ ಎದುರುಬದುರಾಗಿ, ಆಮೇಲೆ ಒಟ್ಟಿಗೆ ಸಾಗಿದವು. ಕೇಸರಿ ಅಂಚಿನ ಸೀರೆಯುಟ್ಟ ಹೆಂಗಸೊಬ್ಬರು ನನಗೆ ನೀರಿನ ಬಾಟಲಿ ಕೊಟ್ಟರು. ನನಗೆ ಅಂದು ಬಲು ಖುಷಿಯಾಯಿತು. ಹೆಂಗಸರೆಲ್ಲ ಒಂದಾದೆವು ಅಂದುಕೊಂಡೆ.

ಹೊರಗಿನ ಒತ್ತಡಕ್ಕೆ ಈಜುಡುಗೆಯ ಸುತ್ತನ್ನು ಸೇಷೆಲ್ಸ್ ದ್ವೀಪಕ್ಕೆ ಒಯ್ದರು. ಸಂಸ್ಕೃತಿಯವರಿಗೆ ಅದು ಗೆಲುವು. ನಮ್ಮ ತಕರಾರು ಬಟ್ಟೆಯ ಉದ್ದದ ಬಗ್ಗೆ ಇರಲೇ ಇಲ್ಲ. ಹೆಣ್ಣಿನ ಮೈಯನ್ನು ಮಾರಾಟಕ್ಕಿಡುವ ವ್ಯವಹಾರದ ಬಗ್ಗೆ ಇತ್ತು, ಅದು ಎಲ್ಲಿಗೂ ಹೋಗಲಿಲ್ಲ. ಪತ್ರಿಕೆಗಳಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಕೂಗಾಗಿ ಕಂಡಿತು. ಹೆಣ್ಣು ಏನು ಉಡಬೇಕೆಂದು ಬೀದಿಯಲ್ಲಿ ತೀರ್ಮಾನಿಸಬಹುದು ಅನ್ನುವ ಮಾತಿಗೆ ನಮ್ಮ ದನಿಯೂ ಸೇರಿಕೊಂಡಿತು. 2009ರ ಜನವರಿ 24ರಂದು ಮಂಗಳೂರಿನ ಪಬ್‌ಗೆ ಶ್ರೀರಾಮ ಸೇನೆಯವರು ನುಗ್ಗಿ ಹುಡುಗಿಯರನ್ನು ಹೊಡೆದು ಅಟ್ಟಾಡಿಸಿದ ದೃಶ್ಯವನ್ನು ಟಿ.ವಿ.ಯಲ್ಲಿ ನೋಡುವಾಗ ನನಗೆ 1996ರ ಆ ತಿರುವು ನೆನಪಾಗಿ ಹೊಟ್ಟೆ ತೊಳಸಿತು. ಬಾಟಲಿ ಕೊಟ್ಟ ಆ ಹೆಂಗಸು ಇದನ್ನು ಬಯಸಿರಲಾರರು. ಆದರೆ ಅವರ ವಾಕ್ಯ ಯಾವುದು, ನನ್ನದು ಯಾವುದು ಎಂದು ಅಂದು ನಾನು ಬಿಡಿಸಿ ಹೇಳಿರಲಿಲ್ಲ.

ಅಂದಿನಿಂದ ಯಾರು ಜೊತೆಗೆ ಬಂದರೂ ಕೇಳುತ್ತೇನೆ: ನೀವು ಕೇಳುತ್ತಿರುವ ಪರಿಹಾರ ಏನು, ಅದನ್ನು ಯಾರು ಜಾರಿ ಮಾಡುತ್ತಾರೆ, ಅವರು ಮೊದಲು ಯಾರ ಮನೆ ಬಾಗಿಲು ಬಡಿಯುತ್ತಾರೆ? ಕಾರಣಗಳು ಬೇರೆಯಾಗಿದ್ದರೆ ಚಿಂತೆಯಿಲ್ಲ. ಬಾವಿ ತೋಡುವಾಗ ಒಬ್ಬನಿಗೆ ತೋಟ, ಇನ್ನೊಬ್ಬನಿಗೆ ಮನೆ. ಪರಿಹಾರ ಬೇರೆಯಾದರೆ ಅಲ್ಲಿಗೆ ನಿಲ್ಲಿಸಿ. ತ್ರಿವಳಿ ತಲಾಖ್ ಅಸಿಂಧುವೆಂದು 2017ರ ಆಗಸ್ಟ್ 22ರಂದು ತೀರ್ಪು ಬಂದಾಗ ನಾನೂ ನನ್ನ ಮುಸ್ಲಿಂ ಕಕ್ಷಿದಾರ ಹೆಣ್ಣುಮಕ್ಕಳೂ ಪೇಡೆ ಹಂಚಿದೆವು. 2019ರ ಕಾಯ್ದೆ ಅದಕ್ಕೆ 3 ವರ್ಷದವರೆಗಿನ ಜೈಲು ಸೇರಿಸಿದಾಗ ಅವರಲ್ಲೇ ಒಬ್ಬಾಕೆ ‘ಅಂವ ಒಳಗ ಹೋದ್ರ ಖರ್ಚಿಗೆ ಯಾರ್ ಕೊಡ್ತಾರಕ್ಕಾ?’ ಎಂದು ಕೇಳಿದಳು. ತೀರ್ಪಿಗೆ ನಮ್ಮ ಒಪ್ಪಿಗೆ ಇತ್ತು, ಕಾಯ್ದೆಗೆ ಇರಲಿಲ್ಲ. ಎರಡನ್ನೂ ಒಂದೇ ದನಿಯಲ್ಲಿ ಹೇಳಲು ಆಗಬೇಕು.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಹೆಸರು ಅದಲುಬದಲು ಮಾಡಿ ನೋಡಿ. ಆರೋಪಿ ಬೇರೆ ಜಾತಿಯವನಾಗಿದ್ದರೆ, ಬೇರೆ ಧರ್ಮದವನಾಗಿದ್ದರೆ ಮಾತ್ರ ಹೆಣ್ಣಿನ ಕಣ್ಣೀರು ಕಾಣುವವರು ನಿಮ್ಮ ಸಂಗಾತಿಗಳಲ್ಲ. ಅವರ ಜೊತೆ ಅರ್ಧ ವಾಕ್ಯಕ್ಕೂ ಸಹಿ ಬೇಡ. ಲೆಕ್ಕಪರಿಶೋಧಕರಿಗೆ ನಾನು ಕೇಳಿದ್ದು: ನಿಮ್ಮ ಅಳಿಯನ ಜಾಗದಲ್ಲಿ ಈ ಜೋಗತಿ ಇದ್ದರೆ ಬರುತ್ತಿದ್ದಿರಾ? ಅವರು ತಡವರಿಸದೆ ‘ಇಲ್ಲ, ಬರತಿದ್ದಿಲ್ಲ. ಈಗ ಬಂದೀನಿ’ ಅಂದರು. ಆ ಉತ್ತರದಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ನಾನು ಎಡವಿದ್ದು

ಮನವಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಹೊರಬಂದೆವು. ಯಾರೋ ಫೋಟೊ ತೆಗೆದರು. ಸಂಜೆಯ ಹೊತ್ತಿಗೆ ಅದು ವಾಟ್ಸ್ಆ್ಯಪ್‌ನಲ್ಲಿ ಊರು ಸುತ್ತಿತ್ತು. ಅವರ ಸಂಘಟನೆಯ ಯಾರೋ ಅಡಿಬರಹ ಹಾಕಿದ್ದರು: ‘498ಎ ದುರುಪಯೋಗದ ವಿರುದ್ಧ ಮಹಿಳಾ ವಕೀಲರೂ ಕೈಜೋಡಿಸಿದರು.’

ನಮ್ಮ ಸಂಘಟನೆಯಲ್ಲಿ ಇಪ್ಪತ್ತು ವರ್ಷ ನನ್ನ ಜೊತೆ ದುಡಿದ ಸಂಗಾತಿ ಆ ಫೋಟೊ ನೋಡಿಯೇ ವಿಷಯ ತಿಳಿದುಕೊಂಡಳು. ಅವಳ ಸ್ವಂತ ತಂಗಿ ವರದಕ್ಷಿಣೆಗೆ ಬಲಿಯಾದವಳು. ಅವಳು ನನಗೆ ಫೋನು ಮಾಡಲಿಲ್ಲ, ಬೈಯಲೂ ಇಲ್ಲ. ಎರಡು ತಿಂಗಳು ಮಾತು ಬಿಟ್ಟಳು. ತಪ್ಪು ಪೂರ್ತಿ ನನ್ನದು. ವಾಕ್ಯ ತಿದ್ದುವುದರಲ್ಲಿ ಮುಳುಗಿ, ಯಾರ ಗಾಯಕ್ಕೆ ಈ ಸಂಗ ಉಪ್ಪಾಗುತ್ತದೋ ಅವಳ ಮನೆಗೆ ಹೋಗಿ ಮೊದಲೇ ಹೇಳಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ಆದ್ದರಿಂದ: ಎದುರಾಳಿಯ ಜೊತೆ ಕೂರುವ ಮೊದಲು ನಿಮ್ಮವರ ಜೊತೆ ಕೂತುಕೊಳ್ಳಿ. ಅನುಮತಿ ಕೇಳಬೇಕೆಂದಲ್ಲ, ತಿಳಿಸಲೇಬೇಕು. ಫೋನಿನಲ್ಲಿ ಬೇಡ, ಗ್ರೂಪಿನಲ್ಲಿ ಬೇಡವೇ ಬೇಡ. ಅವರ ಮನೆಯ ಕಟ್ಟೆಯ ಮೇಲೆ ಕೂತು, ಹಾಳೆ ತೋರಿಸಿ, ಅವರು ಸಿಟ್ಟಾಗಲು ಸಮಯ ಕೊಡಿ. ಆ ಸಿಟ್ಟಿನಲ್ಲಿ ನಿಮಗೆ ಕಾಣದ ಅಪಾಯವೊಂದು ಅವರಿಗೆ ಕಂಡಿರುತ್ತದೆ. ಜೋಗತಿ ಗೆಳತಿಯನ್ನು ಮೊದಲ ದಿನದಿಂದ ಮೇಜಿನ ಮುಂದೆ ಕೂರಿಸಿಕೊಂಡಿದ್ದೆ, ಹಾಗಾಗಿ ವಾಕ್ಯ ಸರಿಯಾಯಿತು. ಸಂಗಾತಿಯನ್ನು ಕೂರಿಸಿಕೊಂಡಿರಲಿಲ್ಲ. ಇದ್ದಿದ್ದರೆ ಫೋಟೊ ಆಗುತ್ತಲೇ ಇರಲಿಲ್ಲ, ಅವಳು ಬಿಡುತ್ತಿರಲಿಲ್ಲ.

ಅಡಿಬರಹದ ವಿಷಯ ಬೇಗ ಸರಿಹೋಯಿತು. ಸಹಿ, ದಿನಾಂಕ, ಕಚೇರಿಯ ಮೊಹರು ಇದ್ದ ನಮ್ಮ ಹಾಳೆಯ ಪ್ರತಿಯನ್ನು ಅದೇ ರಾತ್ರಿ ಹಾಕಿದೆ. ‘498ಎ ವಿಷಯದಲ್ಲಿ ಒಪ್ಪಿಗೆ ಇಲ್ಲ’ ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದೆ. ಲೆಕ್ಕಪರಿಶೋಧಕರೇ ತಮ್ಮವರಿಗೆ ಹೇಳಿ ಫೋಟೊ ತೆಗೆಸಿದರು. ಹಾಳೆ ಇಲ್ಲದಿದ್ದರೆ ನನ್ನ ಮಾತು, ಅವರ ಮಾತು ಎಂದು ತಿಂಗಳುಗಟ್ಟಲೆ ಎಳೆದಾಡುತ್ತಿತ್ತು. ಬ್ಯಾನರ್ ಬೇರೆ ಬೇರೆ ಇರಲಿ, ಪತ್ರಿಕಾಗೋಷ್ಠಿ ಬೇರೆ ಬೇರೆ ಇರಲಿ, ಹಣ ಒಂದು ರೂಪಾಯಿಯೂ ಆ ಕಡೆ ಈ ಕಡೆ ಆಗದಿರಲಿ. ಜೆರಾಕ್ಸಿನ ಖರ್ಚನ್ನೂ ನಾವು ಅರ್ಧರ್ಧ ಕೊಟ್ಟೆವು.

ಹಾಗೆಂದು ನಾಚಿಕೊಳ್ಳುವ ಅಗತ್ಯವೂ ಇಲ್ಲ. 377ನ್ನು ಉಳಿಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋಗಿ 2013ರ ಡಿಸೆಂಬರ್ 11ರಂದು ಗೆದ್ದವರ ಸಾಲಿನಲ್ಲಿ ಜ್ಯೋತಿಷಿಯೊಬ್ಬರಿದ್ದರು, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಇತ್ತು, ಚರ್ಚುಗಳ ಒಕ್ಕೂಟಗಳಿದ್ದವು, ಮನುವಾದವನ್ನು ಹೆಸರಿನಲ್ಲೇ ಇಟ್ಟುಕೊಂಡ ಪಕ್ಷವೊಂದಿತ್ತು. ನಮ್ಮನ್ನು ಸೋಲಿಸಲು ಅವರು ಜೊತೆಯಾಗಬಹುದಾದರೆ, ಪೆಟ್ಟು ತಿಂದ ಇಬ್ಬರಿಗಾಗಿ ನಾವು ಒಂದು ಹಾಳೆಯ ಮೇಲೆ ಸೇರುವುದರಲ್ಲಿ ಮುಚ್ಚಿಡುವಂಥದ್ದೇನಿದೆ?

ಮಾತಿನ ಸ್ವಾತಂತ್ರ್ಯ ಅಂದಾಗ

ಇಲ್ಲಿ ಒಪ್ಪಿಗೆ ಹೆಚ್ಚು ಕಠಿಣ. ನೀವು ಕಾಪಾಡಬೇಕಾಗಿ ಬರುವುದು ನಿಮಗೆ ನೋವು ಕೊಡುವ ಮಾತನ್ನೇ.

ಕೆಲವು ವರ್ಷದ ಹಿಂದೆ ನಮ್ಮೂರಿನ ಕಾಲೇಜೊಂದರಲ್ಲಿ ಮಹಿಳಾ ದಿನದ ಉಪನ್ಯಾಸಕ್ಕೆ ನಮ್ಮ ಚಳವಳಿಯ ಹಿರಿಯರೊಬ್ಬರನ್ನು ಕರೆದಿದ್ದರು. ನನಗೆ ಫಲಕ ಬರೆಯುವುದನ್ನು ಕಲಿಸಿದವರು ಅವರು. ಟ್ರಾನ್ಸ್ ಮಹಿಳೆಯರನ್ನು ಮಹಿಳಾ ಸಂಘಟನೆಯ ಸದಸ್ಯರೆಂದು ಒಪ್ಪಲಾರೆ, ಹೆಣ್ಣಾಗಿ ಹುಟ್ಟಿ ಬೆಳೆದ ಅನುಭವವೇ ಬೇರೆ ಎಂದು ಅವರು ಎಲ್ಲೋ ಹೇಳಿದ್ದರು. ನಮ್ಮ ಎಳೆಯರು ಆಹ್ವಾನ ರದ್ದು ಮಾಡಿ ಎಂದರು. ಬಲಪಂಥದ ವಿದ್ಯಾರ್ಥಿ ಮುಖಂಡನೊಬ್ಬ ವಾಕ್ ಸ್ವಾತಂತ್ರ್ಯ ಉಳಿಯಲಿ, ಉಪನ್ಯಾಸ ನಡೆಯಲಿ ಎಂದು ಹೇಳಿಕೆ ಕೊಟ್ಟ.

ಹಿರಿಯರ ಅಭಿಪ್ರಾಯ ತಪ್ಪೆಂದು ನನ್ನ ನಂಬಿಕೆ. ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದು ಎಂದು ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ಹೇಳಿದಾಗ ನಾನು ಕಣ್ಣೀರು ಹಾಕಿದ್ದೇನೆ. ಆದರೂ ಉಪನ್ಯಾಸ ನಡೆಯಬೇಕಿತ್ತು. ಇದರಲ್ಲಿ ಆ ಹುಡುಗನ ಮಾತು ಸರಿಯಿತ್ತು.

ಅವನನ್ನು ಕರೆದು ಒಂದು ವಾಕ್ಯ ತೋರಿಸಿದೆ: ‘ಈ ಕಾಲೇಜಿನಲ್ಲಿ ಯಾರೇ ಮಾತನಾಡಲಿ, ಮಾತು ಹಿಡಿಸಲಿಲ್ಲವೆಂದು ಸಭೆ ಕೆಡಿಸಬಾರದು.’ ಹುಡುಗ ಓದಿ, ‘ಯಾರೇ ಅಂದ್ರ ಯಾರ್ರಿ?’ ಅಂದ. ಇದು ಧಾರವಾಡ. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಮನೆಯ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದ ಊರು. ‘ಕಲಬುರ್ಗಿ ಸರ್ ಇದ್ದಿದ್ರ ಅವರೂ’ ಅಂದೆ. ಅವನು ‘ವಿಚಾರ ಮಾಡಿ ಹೇಳ್ತೀನ್ರಿ’ ಎಂದು ಹೋದವನು ಮತ್ತೆ ಬರಲಿಲ್ಲ. ನಾನು ನನ್ನ ಹೆಸರಿನಲ್ಲೊಂದೇ ಸಹಿ ಹಾಕಿ ಪ್ರಾಚಾರ್ಯರಿಗೆ ಕೊಟ್ಟೆ. ಜೊತೆಗಾರ ಹಿಂದೆ ಸರಿದನೆಂದು ವಾಕ್ಯ ಸುಳ್ಳಾಗುವುದಿಲ್ಲ.

ಸಭೆ ನಡೆಸುವವರು ಎರಡು ನಿಯಮ ಇಟ್ಟುಕೊಳ್ಳಿ. ಪ್ರಶ್ನೆಗೆ ಉಪನ್ಯಾಸದಷ್ಟೇ ಸಮಯ ಕೊಡಿ, ಮೊದಲ ಪ್ರಶ್ನೆ ಆ ಮಾತಿನಿಂದ ನೊಂದವರದ್ದಾಗಲಿ. ಯಾರದೇ ಹಳೆಯ ಹೆಸರು ಎತ್ತುವುದು, ಮೈಯ ಬಗ್ಗೆ ಕೇಳುವುದು, ಬೆದರಿಸುವುದು, ಇವು ಅಭಿಪ್ರಾಯದ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲೇ ತಡೆಯಿರಿ. ಅಂದು ಮೂರನೇ ಸಾಲಿನಲ್ಲಿದ್ದ ಜೋಗತಿ ಗೆಳತಿ ಎದ್ದು ನಿಂತು ಹೇಳಿದಳು: ‘ಅಮ್ಮಾ, ನನ್ನ ಹದಿನಾರನೇ ವಯಸ್ಸಿಗೆ ಮನಿ ಬಿಟ್ಟು ಓಡಿಸಿದ್ರು. ಗಂಡಸದಾನ ಅಂತ ಓಡಿಸಲಿಲ್ಲ. ಹೆಂಗಸಾಗಾಕ ಹೊಂಟಾನ ಅಂತ ಓಡಿಸಿದ್ರು. ಹೆಣ್ಣಿನ ಅನುಭವ ಅಂದ್ರ ಇನ್ನ ಯಾವುದವ್ವಾ?’ ಹಿರಿಯರು ನೀರು ಕುಡಿದರು. ಅಭಿಪ್ರಾಯ ಬದಲಿಸಿದೆ ಎಂದು ಅವರೇನೂ ಹೇಳಲಿಲ್ಲ. ಊಟದ ಹೊತ್ತಿಗೆ ಅವಳ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತರು. ಆಹ್ವಾನ ರದ್ದಾಗಿದ್ದರೆ ಆ ಮಾತನ್ನು ಅವರು ಕೇಳುತ್ತಲೇ ಇರಲಿಲ್ಲ.

ಬ್ರಿಟನ್ನಿನ ಜಗಳವನ್ನು ಓದಿ ಬಂದು ಇಲ್ಲಿ ಅದನ್ನೇ ಆಡುವವರು ಹೆಚ್ಚಾಗಿದ್ದಾರೆ. ಅಲ್ಲಿ 2025ರ ಏಪ್ರಿಲ್ 16ರಂದು ಸುಪ್ರೀಂ ಕೋರ್ಟು, ಸಮಾನತೆ ಕಾಯ್ದೆಯಲ್ಲಿ ‘ಮಹಿಳೆ’ ಎಂದರೆ ಜೈವಿಕವಾಗಿ ಹೆಣ್ಣು ಎಂದಿತು. ಆ ವಾದದಲ್ಲಿ ಎಡಪಂಥದ ಕೆಲವು ಸ್ತ್ರೀವಾದಿಗಳೂ ಕನ್ಸರ್ವೇಟಿವ್ ಪಕ್ಷದವರೂ ಒಂದೇ ಕಡೆ ಇದ್ದರು. ಅಲ್ಲಿಯ ಕಾನೂನು ಬೇರೆ, ಅಲ್ಲಿಯ ಗಾಯ ಬೇರೆ. ನಮ್ಮ ಜೋಗತಿಯರ, ಹಿಜ್ರಾಗಳ ಎದುರಿಗಿರುವುದು ಠಾಣೆಯ ಬಾಗಿಲು, ಬಾಡಿಗೆ ಮನೆಯ ಬಾಗಿಲು. ಸಂಗಾತಿಗಳನ್ನೂ ಎದುರಾಳಿಗಳನ್ನೂ ಇಲ್ಲಿಂದಲೇ ಆರಿಸಿಕೊಳ್ಳಿ.

ಅವಧಿ ಬರೆದಿಡಿ

ಕೊನೆಯ ತಾರೀಖು ಇಲ್ಲದ ಒಪ್ಪಂದ ಮಾಡಿಕೊಳ್ಳಬೇಡಿ. ಸಾಮಾಜಿಕ ಜಾಲತಾಣದ ಬರಹಕ್ಕೆ ಜೈಲಿಗೆ ಹಾಕುತ್ತಿದ್ದ, ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ರದ್ದು ಮಾಡಿತು. ಅರ್ಜಿದಾರರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಇತ್ತು, ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್ ಇದ್ದರು. ಅವರು ಆಮೇಲೆ ಬಿಜೆಪಿ ಸೇರಿ ಐಟಿ ಖಾತೆಯ ರಾಜ್ಯ ಸಚಿವರಾದರು. ಸರ್ಕಾರದ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ಸರ್ಕಾರದ ಘಟಕವೇ ತೀರ್ಮಾನಿಸುವ 2023ರ ನಿಯಮ ಬಂದದ್ದು ಅವರಿದ್ದ ಖಾತೆಯಿಂದಲೇ. ಬಾಂಬೆ ಹೈಕೋರ್ಟು 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊಡೆದುಹಾಕಿತು. 2015ರಲ್ಲಿ ಅವರ ಜೊತೆ ಒಂದೇ ಪ್ರಕರಣದಲ್ಲಿ ನಿಂತದ್ದು ತಪ್ಪಾಗಿತ್ತೇ? ಖಂಡಿತ ಇಲ್ಲ. ಅವರು ಎಂದೆಂದಿಗೂ ನಮ್ಮವರು ಎಂದುಕೊಂಡಿದ್ದರೆ ತಪ್ಪಾಗುತ್ತಿತ್ತು. ಮಾನನಷ್ಟವನ್ನು ಅಪರಾಧವೆಂದು ಪರಿಗಣಿಸಬಾರದೆಂದು ಸುಬ್ರಮಣಿಯನ್ ಸ್ವಾಮಿ, ರಾಹುಲ್ ಗಾಂಧಿ, ಅರವಿಂದ ಕೇಜ್ರಿವಾಲ್ ಮೂವರೂ ಒಂದೇ ಪ್ರಕರಣದಲ್ಲಿ ಕೇಳಿ 2016ರ ಮೇ 13ರಂದು ಒಟ್ಟಿಗೇ ಸೋತರು. ಮರುದಿನ ಮೂವರೂ ತಂತಮ್ಮ ದಾರಿ ಹಿಡಿದರು.

ಯಾರಾದರೂ ‘ನೀವೂ ಅವರ ಜೊತೆಗೇನ್ರಿ?’ ಎಂದರೆ ಹೇಳಲು ಒಂದು ಉತ್ತರ ಸಿದ್ಧವಿರಲಿ. ನಾನು ಹೇಳುವುದು: ‘ಈ ವಾಕ್ಯದಾಗ ಹೌದು. ಹಾಳಿ ತೋರಿಸ್ಲೇನು?’ ಅದಕ್ಕೇ ಬ್ಯಾಗಿನಲ್ಲಿ ಯಾವಾಗಲೂ ಒಂದು ಪ್ರತಿ ಇರುತ್ತದೆ.

ನಮ್ಮ ಹಾಳೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಮನವಿಗೆ ಸ್ವೀಕೃತಿ ಪತ್ರ ಬಂದದ್ದು ಬಿಟ್ಟರೆ ಬೇರೇನೂ ಬಂದಿರಲಿಲ್ಲ. ಫೈಲಿನ ಮೇಲೆ ‘ಮುಗಿಯಿತು’ ಎಂದು ಬರೆದು ತಾರೀಖು ಹಾಕಿದೆ. ಏಪ್ರಿಲ್‌ನಲ್ಲಿ ಜೀವನಾಂಶದ ಪ್ರಕರಣವೊಂದರಲ್ಲಿ ಲೆಕ್ಕಪರಿಶೋಧಕರು ಗಂಡನ ಆದಾಯದ ಪಟ್ಟಿ ಹಿಡಿದು ಎದುರು ಕಡೆ ಬಂದಿದ್ದರು. ಆ ಪಟ್ಟಿಯಲ್ಲಿ ಹೊಲದ ಉತ್ಪನ್ನ ಬಿಟ್ಟುಹೋದದ್ದನ್ನು ನ್ಯಾಯಾಧೀಶರ ಮುಂದೆ ಎತ್ತಿ ತೋರಿಸಿದೆ. ಅವರು ಕೆಂಪಾದರು. ಹೊರಗೆ ಬೇವಿನ ಮರದ ಕೆಳಗೆ ನಾನು ಆಟೊಗೆ ಕಾಯುತ್ತಿದ್ದಾಗ ಹತ್ತಿರ ಬಂದು, ‘ಮೇಡಂ, ಅಳಿಯಾ ಮತ್ತ ಕಾಲೇಜಿಗೆ ಹೊಂಟಾನ್ರಿ. ಆ ಹಾಳಿಗೆ ಇನ್ನೊಂದ್ ವರ್ಷ ಸಹಿ ಮಾಡೂಣೇನು?’ ಅಂದರು.

ಈ ಸಲ ಮೊದಲು ಸಂಗಾತಿಯ ಮನೆಗೆ ಹೋದೆ. ಅವಳು ಹಾಳೆಯನ್ನು ಎರಡು ಸಲ ಓದಿ, ಒಪ್ಪಿಗೆ ಇಲ್ಲದ ವಿಷಯಗಳ ಸಾಲಿನಲ್ಲಿ ‘ವರದಕ್ಷಿಣೆ ಸಾವು’ ಎಂದು ತನ್ನ ಕೈಯಾರೆ ಸೇರಿಸಿದಳು. ಶನಿವಾರ ಐದು ಗಂಟೆಗೆ ನನ್ನ ಆಫೀಸಿನಲ್ಲಿ ನಾಲ್ಕು ಕುರ್ಚಿ ಹಾಕಿಸಿದೆ.